ಬೋರಿನ ನೀರಿನಿಂದ ಶುರುವಾದ ಮೇಜರ್: ಕುಷ್ಟಗಿ ಕಡೆಯ ಹುಡುಗಿಯೊಬ್ಬಳ ‘ವಿಜ್ಞಾನ ಮತ್ತು ಸಮಾಜ’ ಪದವಿ ಯೋಜನೆ

2024ರ ಜೂನ್ ಎರಡನೇ ವಾರ. ಕೊಪ್ಪಳದ ನಮ್ಮ ಮನೆ ಪಡಸಾಲೆಯಲ್ಲಿ ಮೂವರು ಕೂತಿದ್ದೆವು. ನಾನು, ನನ್ನ ಹಳೆಯ ವಿದ್ಯಾರ್ಥಿನಿ, ಅವಳ ಅಪ್ಪ. ಹುಡುಗಿ ಚೀಲದಿಂದ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟಳು. "ಸರ್, ಜುಲೈ ಮಧ್ಯದೊಳಗೆ ಮೇಜರ್ ಯಾವುದು ಅಂತ ಬರೆದು ಕೊಡಬೇಕು. ನಾನು ಇದನ್ನ ತಗೋಬೇಕು ಅಂತಿದ್ದೀನಿ" ಅಂದಳು. ಮೇಜರ್ ಅಂದರೆ ಪದವಿಯಲ್ಲಿ ಮುಖ್ಯವಾಗಿ ಓದುವ ವಿಷಯ. ಮೊದಲ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ವಿಜ್ಞಾನ ಮತ್ತು ಸಮಾಜ.

ಅಪ್ಪ ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದರು. "ಇದನ್ನ ಓದಿದ್ರ ಏನಾಗ್ತಾಳ್ರಿ ಸರ?" ಅಂದರು.

ಆ ಪ್ರಶ್ನೆ ಹಿಡಿದುಕೊಂಡು ನಾವು ಐದು ವಾರ ಮಾಡಿದ ಕೆಲಸ, ಆಮೇಲೆ ಒಂದೂವರೆ ವರ್ಷದಲ್ಲಿ ಆದದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು ಬೇಡ ಅಂದರು, ಹಾಕಿಲ್ಲ. ಹಲವು ವಿಷಯ ಕೂಡಿಸಿದ ಮೇಜರ್ ತಗೊಳ್ಳಬೇಕು ಅನ್ನುವ ನಮ್ಮ ಕಡೆಯ ಮಕ್ಕಳು ಈಗ ಒಬ್ಬೊಬ್ಬರಾಗಿ ಕೇಳಲು ಬರುತ್ತಿದ್ದಾರೆ. ಅವರ ಕೈಗೆ ಇದನ್ನು ಕೊಡಬಹುದು ಅನ್ನಿಸಿ ಬರೆದೆ.

ಹಿನ್ನೆಲೆ

ಹುಡುಗಿ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯವಳು. ಮನೆಗೆ ಆರು ಎಕರೆ ಒಣಬೇಸಾಯ, ಊರೊಳಗೆ ಒಂದು ಹಿಟ್ಟಿನ ಗಿರಣಿ. ಪಿಯುಸಿ ಎರಡು ವರ್ಷ ಕೊಪ್ಪಳದಲ್ಲಿ ಹಾಸ್ಟೆಲಿನಲ್ಲಿದ್ದು ಓದಿದಳು. ನಾನು ಕೆಮಿಸ್ಟ್ರಿ ಪಾಠ ಮಾಡಿದವನು. ನೀಟ್ ಬರೆದಳು, ಮೆಡಿಕಲ್ ಸೀಟಿಗೆ ಸಾಲುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಕೋಚಿಂಗ್‌ಗೆ ಕೂರಲ್ಲ ಅಂತ ಅವಳೇ ಗಟ್ಟಿ ಮನಸ್ಸು ಮಾಡಿದಳು. 2023ರಲ್ಲಿ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ನಾಲ್ಕು ವರ್ಷದ ಪದವಿಗೆ ಸೇರಿದಳು.

ಅಲ್ಲಿ ನಡೆಯುವುದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕ್ರೆಡಿಟ್ ಚೌಕಟ್ಟಿನ ಪ್ರಕಾರ. ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ, ಲ್ಯಾಬ್ ಆದರೆ 30 ಗಂಟೆ. ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಈ 160ರಲ್ಲಿ ಮೇಜರ್‌ಗೆ 80, ಮೈನರ್‌ಗೆ (ಜೊತೆಗೆ ಓದುವ ಎರಡನೇ ವಿಷಯಕ್ಕೆ) 32, ಸಂಶೋಧನೆ ಮಾಡುವವರಿಗೆ ಅದಕ್ಕೇ 12. ಉಳಿದ 36 ಭಾಷೆ, ಕೌಶಲ, ಇಂಟರ್ನ್‌ಶಿಪ್ ಇಂಥವಕ್ಕೆ. ಮೊದಲ ಎರಡು ಸೆಮಿಸ್ಟರ್ ಬೇರೆ ಬೇರೆ ವಿಷಯದ ಪರಿಚಯ ಮಾಡಿಕೊಳ್ಳಬೇಕು, ಆಮೇಲೆ ಮೇಜರ್ ಗಟ್ಟಿ ಮಾಡಬೇಕು. ಎರಡು ಮೂರು ವಿಭಾಗ ಕೂಡಿಸಿದ ಮೇಜರ್‌ಗೂ ಈ ಚೌಕಟ್ಟಿನಲ್ಲಿ ಜಾಗ ಇದೆ. ಹಾಗೆ ತಗೊಳ್ಳುವವರಿಂದ ಅವಳ ವಿಶ್ವವಿದ್ಯಾಲಯ ಮೂರು ಕೇಳುತ್ತದೆ. ಯಾಕೆ ಈ ಮೇಜರ್ ಎಂದು ಎರಡು ಪುಟದ ಬರಹ. ಎಂಟನೇ ಸೆಮಿಸ್ಟರ್‌ವರೆಗಿನ ಕೋರ್ಸ್ ಪಟ್ಟಿ. ಎರಡು ಬೇರೆ ಬೇರೆ ವಿಭಾಗದ ಅಧ್ಯಾಪಕರ ಸಹಿ.

ಇದರ ನಡುವೆ ಇನ್ನೊಂದು ಗೊಂದಲ ಬಂತು. ನಾಲ್ಕು ವರ್ಷದ ಪದವಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ನಮ್ಮ ರಾಜ್ಯವೇ, 2021-22ರಲ್ಲಿ. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂತು. ಗಿರಣಿಗೆ ಬಂದವರು ಯಾರೋ "ನಾಕು ವರ್ಸದ್ದು ಸರಕಾರ ತಗದೈತಿ, ನಿನ್ನ ಮಗಳದು ಏನೋ ಮಾರಾಯಾ" ಅಂದಿದ್ದರು. ಅಪ್ಪನಿಗೆ ಎರಡು ರಾತ್ರಿ ನಿದ್ದೆ ಇಲ್ಲ. ಹುಡುಗಿ ಬೆಂಗಳೂರಿಗೆ ಮೇಲ್ ಬರೆದು, ತಮ್ಮಲ್ಲಿ ನಾಲ್ಕು ವರ್ಷದ ಕೋರ್ಸ್ ಹಾಗೇ ಮುಂದುವರಿಯುತ್ತದೆ ಎಂಬ ಪತ್ರ ತರಿಸಿಕೊಂಡಳು. ಆ ಪತ್ರದ ಪ್ರಿಂಟ್ ಇಂದಿಗೂ ಗಿರಣಿಯ ಗೋಡೆಯಲ್ಲಿ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿದೆ. ಇಂಥ ಅನುಮಾನ ಬಂದಾಗ ಬಾಯಿ ಮಾತು ಸಾಲದು, ಕಾಗದ ಬೇಕು.

‘ವಿಜ್ಞಾನ ಮತ್ತು ಸಮಾಜ’ ಅನ್ನುವ ಓದೇನು ಹೊಸದೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1971ರಿಂದ ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ ಅನ್ನುವ ಓದು ಇದೆ. ದೆಹಲಿಯ ಜೆಎನ್‌ಯುನಲ್ಲಿ ವಿಜ್ಞಾನ ನೀತಿಗೆ ಬೇರೆ ಕೇಂದ್ರವೇ ಇದೆ. ಬೆಂಗಳೂರಿನ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) 1988ರಲ್ಲಿ ಶುರುವಾದದ್ದೇ ವಿಜ್ಞಾನದವರೂ ಸಮಾಜಶಾಸ್ತ್ರದವರೂ ಒಂದೇ ಸೂರಿನಡಿ ಕೂತು ಕೆಲಸ ಮಾಡಲಿ ಅಂತ.

ಮೊದಲ ಪಟ್ಟಿ

ಅವಳ ಎರಡನೇ ಹಾಳೆಯಲ್ಲಿ ಹದಿನಾಲ್ಕು ಕೋರ್ಸ್ ಇದ್ದವು. ಹವಾಮಾನ ಬದಲಾವಣೆ ಮತ್ತು ಮಾಧ್ಯಮ, ಕೃತಕ ಬುದ್ಧಿಮತ್ತೆ ಮತ್ತು ನೈತಿಕತೆ, ವೈದ್ಯಕೀಯ ಇತಿಹಾಸದ ಪರಿಚಯ, ಲಿಂಗ ಮತ್ತು ತಂತ್ರಜ್ಞಾನ. ಎಲ್ಲ ಚೆಂದದ ಹೆಸರು. ಆದರೆ ಹದಿನಾಲ್ಕರಲ್ಲಿ ಹನ್ನೊಂದು ಪರಿಚಯದ ಮಟ್ಟದವು. ಒಂದರ ಮೇಲೆ ಒಂದು ಕಟ್ಟಿಕೊಂಡು ಹೋಗುವಂಥವು ಅಲ್ಲ. ಲ್ಯಾಬ್ ಇದ್ದದ್ದು ಎರಡರಲ್ಲಿ ಮಾತ್ರ.

ನಾನು ಒಂದೇ ಮಾತು ಕೇಳಿದೆ. "ಇದರಲ್ಲಿ ಯಾವ ಕೋರ್ಸ್ ಮುಗಿಸಿದ ಮೇಲೆ, ಇವತ್ತು ನಿನ್ನ ಕೈಲಿ ಆಗದ ಕೆಲಸ ಆಗುತ್ತೆ?" ಅವಳು ಪೆನ್ನು ಹಿಡಿದು ಒಂದೊಂದೇ ನೋಡುತ್ತ ಹೋದಳು. ನಾಲ್ಕಕ್ಕೆ ಗುರುತು ಹಾಕಿ ನಿಲ್ಲಿಸಿದಳು.

ಹಲವು ವಿಷಯ ಕೂಡಿಸಿದ ಮೇಜರ್‌ನಲ್ಲಿ ನನಗೆ ಕಾಣುವ ದೊಡ್ಡ ಅಪಾಯ ಇದು. ಎರಡೂ ಕಡೆ ಅರ್ಧಂಬರ್ಧ ಆಗಿಬಿಡುವುದು. ವಿಜ್ಞಾನದವರ ಮುಂದೆ ನಿಂತರೆ ಟೈಟ್ರೇಶನ್ ಮಾಡಲು ಬರುವುದಿಲ್ಲ. ಸಮಾಜಶಾಸ್ತ್ರದವರ ಮುಂದೆ ನಿಂತರೆ ಒಂದು ಸಂದರ್ಶನ ಹೇಗೆ ಮಾಡಬೇಕು ಗೊತ್ತಿಲ್ಲ. ಯಾವುದೋ ಒಂದು ವಿಜ್ಞಾನವನ್ನು ಕೈಯಾರೆ ಕಲಿತಿರಬೇಕು. ಉಳಿದದ್ದು ಅದರ ಜೊತೆ ಹೆಣೆದುಕೊಳ್ಳಬೇಕು.

ಹೀಗೆ ಯೋಚಿಸಿ ಆ ದಿನ ನಾನು ಕೊಟ್ಟ ಸಲಹೆ ಮಾತ್ರ ತಪ್ಪಾಗಿತ್ತು. "ಸುಮ್ನೆ ಕೆಮಿಸ್ಟ್ರಿ ಮೇಜರ್ ತಗೋ. ಸಮಾಜದ ವಿಷಯ ಬಿಡುವಿನಲ್ಲಿ ಓದಿಕೋ" ಅಂದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಸರ್, ನೀವು ಸೆಕೆಂಡ್ ಪಿಯುಸಿಯಲ್ಲಿ ಫ್ಲೋರಿನ್ ಪಾಠ ಮಾಡಿದ್ರಿ. ಅದರಷ್ಟು ಎಲೆಕ್ಟ್ರೋನೆಗೆಟಿವ್ ಧಾತು ಇನ್ನೊಂದಿಲ್ಲ ಅಂದ್ರಿ. ನಾನು ಬರ್ಕೊಂಡೆ, ಪರೀಕ್ಷೆಯಲ್ಲೂ ಬರೆದೆ. ಅದೇ ಫ್ಲೋರಿನ್ ನಮ್ಮೂರವರ ಹಲ್ಲಲ್ಲಿ ಇದೆ ಅಂತ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಹೋದ ಮೇಲೆ."

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಜಿಲ್ಲೆಯಲ್ಲಿ ಪಾಠ ಮಾಡಿದ್ದೇನೆ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟು ಮಕ್ಕಳು ಮುಂದಿನ ಬೆಂಚಿನಲ್ಲಿ ಕಂದು ಗೆರೆಯ ಹಲ್ಲಿಟ್ಟುಕೊಂಡು ಆ ಪಾಠ ಕೇಳಿರಬಹುದು! ನನ್ನ ಸಲಹೆ ಹಿಂದೆ ತಗೊಂಡೆ. ಮುಂದಿನ ಭಾನುವಾರ ಅವಳ ಊರಿಗೆ ಹೋದೆ.

ಮನೆಯೊಳಗಿನ ಕಿಟ್

ಅವಳ ತಾಯಿ ಮಹಿಳಾ ಸಂಘದವರು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುತ್ತಾರೆ, ಕಿಟ್ ಕೊಡುತ್ತಾರೆ. ಆ ಊರಿನ ಐವರಲ್ಲಿ ಇವರೂ ಒಬ್ಬರು. ಮಗಳು ಬೆಂಗಳೂರಿನಲ್ಲಿ ಓದುವ ವಿಷಯವನ್ನು ಅವ್ವ ಇಲ್ಲಿ ಪಡಸಾಲೆಯಲ್ಲೇ ಮಾಡುತ್ತಿದ್ದರು!

ನನ್ನೆದುರಿಗೆ ಮೂರು ನೀರು ಪರೀಕ್ಷೆ ಮಾಡಿ ತೋರಿಸಿದರು. ಹಿತ್ತಲ ಕಡೆಯ ಹಳೆ ಬೋರಿನದು ಒಂದು. ಬಹುಗ್ರಾಮ ಯೋಜನೆಯ ನಲ್ಲಿಯದು ಒಂದು. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನದು ಒಂದು. ಚಿಕ್ಕ ಸೀಸೆಯಲ್ಲಿ ಗೆರೆಯವರೆಗೆ ನೀರು ತುಂಬಿ, ಕೆಂಪು ದ್ರಾವಣದ ಹನಿ ಎಣಿಸಿ ಹಾಕಿದರು. ಕ್ಯಾನಿನ ನೀರು ಗುಲಾಬಿ ಬಣ್ಣದಲ್ಲೇ ಉಳಿಯಿತು. ನಲ್ಲಿ ನೀರು ಕೂಡ ಹೆಚ್ಚು ಕಡಿಮೆ ಹಾಗೇ. ಬೋರಿನ ನೀರು ನೋಡ ನೋಡುತ್ತಿದ್ದಂತೆ ಹಳದಿಗೆ ತಿರುಗಿತು. ನೀರಲ್ಲಿ ಫ್ಲೋರೈಡ್ (ಕರಗಿದ ಫ್ಲೋರಿನ್ನಿನ ರೂಪ) ಜಾಸ್ತಿ ಇದ್ದಷ್ಟೂ ಆ ಕೆಂಪು ಬಣ್ಣ ಒಡೆಯುತ್ತದೆ, ಹಳದಿ ಉಳಿಯುತ್ತದೆ.

ಆಮೇಲೆ ತಕರಾರು ಶುರುವಾಯಿತು. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವ ಬಣ್ಣದ ಕಾರ್ಡಿನ ಪಕ್ಕ ಹಿಡಿದು ತಾಯಿ "ಒಂದೂವರಿ" ಅಂದರು. ಮಗಳು "ಎರಡು" ಅಂದಳು. ತಾಯಿ ಸೀಸೆ ತಗೊಂಡು ಅಂಗಳಕ್ಕೆ ನಡೆದರು. "ಟ್ಯೂಬ್‌ಲೈಟಿನಾಗ ನೋಡಿದ್ರ ಬ್ಯಾರೆ, ಬಿಸಿಲಾಗ ನೋಡಿದ್ರ ಬ್ಯಾರೆ. ಅದಕ್ಕ ನಾನು ಯಾವಾಗ್ಲೂ ಹೊರಗ ತಂದು ನೋಡ್ತೀನಿ" ಅಂದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ವರ್ಷ ಮಾಡಿ ಮಾಡಿ ತಾವೇ ಕಂಡುಕೊಂಡಿದ್ದರು.

ಅವರ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ತಾರೀಖು, ಯಾವ ನೀರು, ಬಣ್ಣ ಎಷ್ಟಕ್ಕೆ ಹೊಂದಿತು ಅಂತ ಖಾನೆ. ಕೊನೆಯ ಖಾನೆ ಅವರೇ ಸ್ಕೇಲಿನಿಂದ ಗೆರೆ ಎಳೆದು ಸೇರಿಸಿದ್ದು. ತಲೆಬರಹ: "ಮುಂದೇನಾಯ್ತು". ಆ ಖಾನೆಯಲ್ಲಿ ಹೆಚ್ಚಿನ ಸಾಲುಗಳು ಖಾಲಿ ಇದ್ದವು.

ಅಜ್ಜಿ ಕಟ್ಟೆ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಸೀರೆ ಅಂಚು ಒಂಚೂರು ಮೇಲೆ ಸರಿಸಿ ಕಣಕಾಲಿನ ಮೇಲಿನ ಹಳೆ ಕಲೆ ತೋರಿಸಿದರು. ನಾರು ಹುಣ್ಣಿನ ಕಲೆ. "ಬಾವ್ಯಾಗ ಇಳದು ನೀರು ತುಂಬ್ತಿದ್ವಿ. ಕಾಲಾಗ ನಾರು ಹೊಂಟಿತಂದ್ರ ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟ ಎಳೀತಿದ್ರು. ಹರದ್ರ ಸತ್ತಂಗ ಆಗ್ತಿತ್ತು" ಅಂದರು.

ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವ ಊರುಗಳಲ್ಲಿ ನಾರು ಹುಣ್ಣು (ಗಿನಿ ವರ್ಮ್ ಎಂಬ ಹುಳದ ರೋಗ) ಹರಡುತ್ತಿತ್ತು. ಕರ್ನಾಟಕವೂ ಆ ರೋಗ ಇದ್ದ ರಾಜ್ಯಗಳಲ್ಲಿ ಒಂದು. ಬಾವಿ ಬಿಡಿಸಿ ಬೋರಿಂಗ್ ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಈ ರೋಗದಿಂದ ಮುಕ್ತಿ ಸಿಕ್ಕಿದೆ ಎಂದು ಘೋಷಿಸಿತು. ದೊಡ್ಡ ಗೆಲುವು ಅದು. ಆದರೆ ನಮ್ಮ ಕಡೆಯ ಗ್ರಾನೈಟ್, ನೈಸ್ (gneiss) ಎಂಬ ಕಲ್ಲುಗಳೊಳಗೆ ಫ್ಲೋರೈಡ್ ಇರುವ ಖನಿಜಗಳಿವೆ. ಆಳದ ನೀರು ಆ ಕಲ್ಲಿನ ಜೊತೆ ಬಹಳ ಕಾಲ ಇರುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ಇನ್ನೂ ಜಾಸ್ತಿ ಕರಗುತ್ತದೆ. ಹುಳ ಇಲ್ಲದ ನೀರು ಬಂತು, ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಬಂತು. ಹಲ್ಲು ಬೆಳೆಯುವ ಮೊದಲ ಎಂಟು ವರ್ಷ ಆ ನೀರು ಕುಡಿದವರ ಹಲ್ಲಿನ ಮೇಲೆ ಕಲೆ ಉಳಿಯಿತು.

ಅಜ್ಜಿಯ ಕಾಲು, ಅವ್ವನ ಹಲ್ಲು. ಫೋಟೋ ತೆಗೆಯುವಾಗ ಅವ್ವ ನಗುವುದಿಲ್ಲ ಎಂದು ಹುಡುಗಿ ದಾರಿಯಲ್ಲಿ ಹೇಳಿದ್ದಳು. ಅಜ್ಜಿಯ ಕಾಲಿನ ಹುಣ್ಣಿಗೆ ಕಂಡುಕೊಂಡ ಪರಿಹಾರದ ಬೆನ್ನಿಗೇ ಅವ್ವನ ಹಲ್ಲಿನ ಕಲೆ ಬಂದಿದೆ. ಈ ಮೇಜರ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಾಗಲಿಲ್ಲ.

ಎರಡು ಪುಟದ ಬರಹ

ಹುಡುಗಿಯ ಮೊದಲ ಕರಡಿನ ಮೊದಲ ವಾಕ್ಯ ಹೀಗಿತ್ತು: "ಸಮಾಜದ ಮೇಲೆ ವಿಜ್ಞಾನದ ಪರಿಣಾಮವನ್ನು ಅಧ್ಯಯನ ಮಾಡಲು ಬಯಸುತ್ತೇನೆ." ಇದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಎರಡನೇ ಕರಡಿನಲ್ಲಿ "ಕೊಪ್ಪಳ ಜಿಲ್ಲೆಯ ಫ್ಲೋರೈಡ್ ಸಮಸ್ಯೆ" ಎಂದು ಬಂತು. ಅದೂ ದೊಡ್ಡದಾಯಿತು. ಮೂರನೆಯದು ನೋಟ್‌ಬುಕ್ಕಿನ ಆ ಖಾಲಿ ಖಾನೆಯಿಂದ ಬಂತು: "ಹಳ್ಳಿಯ ಹೆಣ್ಣುಮಕ್ಕಳು ಮಾಡಿದ ನೀರಿನ ಪರೀಕ್ಷೆ ಎಷ್ಟು ಸರಿ, ಅದರ ಫಲಿತಾಂಶ ಎಲ್ಲಿಗೆ ಹೋಗುತ್ತದೆ, ಅದರಿಂದ ಯಾರು ಏನು ಮಾಡುತ್ತಾರೆ?"

ಈ ಪ್ರಶ್ನೆಯ ಮೊದಲ ಭಾಗಕ್ಕೆ ಕೆಮಿಸ್ಟ್ರಿ ಬೇಕು. ಮುಂದಿನ ಎರಡಕ್ಕೆ ಸಮಾಜಶಾಸ್ತ್ರ, ಆಡಳಿತ, ಕಾನೂನು ಬೇಕು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಸಹಿ ಹಾಕುವ ಅಧ್ಯಾಪಕರು ನೋಡುವುದೂ ಇದನ್ನೇ. ಒಂದೇ ವಿಭಾಗದಲ್ಲಿ ಕೂತು ಉತ್ತರ ಹುಡುಕಬಹುದಾದ ಪ್ರಶ್ನೆ ಆದರೆ, ಆ ವಿಭಾಗಕ್ಕೇ ಸೇರಿಕೋ ಅನ್ನುತ್ತಾರೆ.

ಬರಹದಲ್ಲಿ ನನಗೆ ತುಂಬ ಹಿಡಿಸಿದ ಪ್ಯಾರಾ ಎಂದರೆ ಅವಳು ಲೆಕ್ಕ ಹಾಕಿದ್ದು. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದೇ ಹೋದರೆ 1.5ರವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆದರೆ ಇಂಥ ಮಿತಿ ಹಾಕುವಾಗ ದೊಡ್ಡವರೊಬ್ಬರು ದಿನಕ್ಕೆ 2 ಲೀಟರ್ ನೀರು ಕುಡಿಯುತ್ತಾರೆ ಅಂತ ಹಿಡಿಯುವುದು ರೂಢಿ. ಏಪ್ರಿಲ್ ಬಿಸಿಲಲ್ಲಿ ಕುಷ್ಟಗಿಯ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಗಳು 5 ಲೀಟರ್ ಕುಡಿದರೆ? 1.5 ಇರುವ ನೀರಿನಿಂದಲೇ ಅವಳ ಹೊಟ್ಟೆಗೆ 3 ಮಿಲಿಗ್ರಾಂ ಬದಲು 7.5 ಹೋಗುತ್ತದೆ. ಮಿತಿ ಹಾಕುವವರು ಹವಾಮಾನ, ಕುಡಿಯುವ ಪ್ರಮಾಣ ನೋಡಿಕೊಳ್ಳಿ ಎಂದು ಹೇಳಿಯೇ ಇದ್ದಾರೆ. ಊರ ಮಟ್ಟದಲ್ಲಿ ಅದನ್ನು ನೋಡುವವರು ಯಾರು ಅನ್ನುವುದು ಅವಳ ಪ್ರಶ್ನೆ.

ಇನ್ನೊಂದು ಸಂಗತಿಯನ್ನೂ ಸೇರಿಸಿದಳು. 1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಅನ್ನುವ ಊರಲ್ಲಿ, ಹಲ್ಲು ಹುಳುಕಾಗಬಾರದು ಅಂತ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಲು ಶುರು ಮಾಡಿದರು. ಅದಕ್ಕೆ ಎಂಟು ವರ್ಷ ಮೊದಲೇ, 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೈಡ್‌ನಿಂದ ಮೂಳೆ ಗಟ್ಟಿಯಾಗಿ ಬೆನ್ನು ಬಗ್ಗಿಸಲಾಗದ ಜನರ ಬಗ್ಗೆ ವೈದ್ಯರು ವರದಿ ಬರೆದಿದ್ದರು. ಅಲ್ಲಿ ಬೆರೆಸುತ್ತಾರೆ, ಇಲ್ಲಿ ತೆಗೆಯಲು ಒದ್ದಾಡುತ್ತೇವೆ. ಧಾತು ಒಂದೇ.

ಕ್ಯಾಲೆಂಡರ್ ಹಿಂಬದಿ

ಕೋರ್ಸ್ ಪಟ್ಟಿಯನ್ನು ಮೂರನೇ ಸೆಮಿಸ್ಟರ್‌ನಿಂದ ಬರೆಯಲು ಹೊರಟಿದ್ದಳು. ನಾನು ತಡೆದೆ. ಹಳೆ ಕ್ಯಾಲೆಂಡರಿನ ಹಾಳೆ ತಿರುಗಿಸಿ ನೆಲದ ಮೇಲೆ ಹಾಸಿ, ಬಲ ತುದಿಯಲ್ಲಿ ಎಂಟನೇ ಸೆಮಿಸ್ಟರ್ ಬರೆದೆವು. ಅಲ್ಲಿಂದ ಹಿಂದಕ್ಕೆ ಬಂದೆವು.

ಎಂಟರಲ್ಲಿ ಸಂಶೋಧನೆ ಬರೆದು ಮುಗಿಯಬೇಕು. ಬೋರಿನ ನೀರನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಬೇಕು. ಅಂದರೆ 2026ರ ಮೇ ಮತ್ತು ನವೆಂಬರ್. ಮೇ ತಿಂಗಳ ಹೊತ್ತಿಗೆ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಬಳಸಲು ಕೈ ಪಳಗಿರಬೇಕು. ಎಲೆಕ್ಟ್ರೋಡ್ ಸುಮ್ನೆ ನೀರಿಗೆ ಅದ್ದುವ ವಸ್ತುವಲ್ಲ. ನೀರಲ್ಲಿ ಅಲ್ಯುಮಿನಿಯಂ, ಕಬ್ಬಿಣ ಇದ್ದರೆ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ಅಳತೆ ಕಡಿಮೆ ಬರುತ್ತದೆ. ಟಿಸಾಬ್ ಅನ್ನುವ ಬಫರ್ ದ್ರಾವಣ ಹಾಕಿ ಬಿಡಿಸಬೇಕು. ಅದನ್ನು ಕಲಿಸುವ ಉಪಕರಣಗಳ ಲ್ಯಾಬ್ ಐದನೇ ಸೆಮಿಸ್ಟರ್‌ನಲ್ಲಿದೆ. ಆ ಲ್ಯಾಬಿಗೆ ಸೇರಲು ಅನಲಿಟಿಕಲ್ ಕೆಮಿಸ್ಟ್ರಿ (ಯಾವುದರಲ್ಲಿ ಏನು ಎಷ್ಟಿದೆ ಎಂದು ಅಳೆಯುವ ಕೋರ್ಸ್) ಮುಗಿದಿರಬೇಕು. ಅದು ನಡೆಯುವುದು ವರ್ಷಕ್ಕೆ ಒಂದೇ ಸಲ, ಮೂರನೇ ಸೆಮಿಸ್ಟರ್‌ನಲ್ಲಿ.

ಅವಳ ಮೊದಲ ಪಟ್ಟಿಯಲ್ಲಿ ಮೂರನೇ ಸೆಮಿಸ್ಟರ್‌ಗೆ ಅನಲಿಟಿಕಲ್ ಕೆಮಿಸ್ಟ್ರಿ ಇರಲೇ ಇಲ್ಲ. ಹಾಗೇ ಬಿಟ್ಟಿದ್ದರೆ ಆ ಲ್ಯಾಬ್ ಏಳಕ್ಕೆ ಹೋಗುತ್ತಿತ್ತು, ಮೇ ತಿಂಗಳ ಪರೀಕ್ಷೆ ಕೈತಪ್ಪುತ್ತಿತ್ತು. ಇದು ಎಡದಿಂದ ಬಲಕ್ಕೆ ಬರೆದಿದ್ದರೆ ನಮಗೆ ಕಾಣುತ್ತಿರಲಿಲ್ಲ.

ಜನರನ್ನು ಮಾತಾಡಿಸುವ ಸಂಶೋಧನೆಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಐದನೇ ಸೆಮಿಸ್ಟರ್ ಕೊನೆಗೆ ಅರ್ಜಿ ಎಂದು ಬರೆದುಕೊಂಡೆವು. ಶಾಲೆ ಮಕ್ಕಳ ಹಲ್ಲಿನ ಫೋಟೋ ತೆಗೆಯುವ ಆಲೋಚನೆ ಅವಳಿಗಿತ್ತು. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನದೂ ಬೇಕು. ಅವ್ವನ ನೆನಪಾಗಿ ಅವಳೇ ಅದನ್ನು ಬಿಟ್ಟಳು.

ಇನ್ನು ಕ್ರೆಡಿಟ್ ಲೆಕ್ಕ. ಮೊದಲು ಮೇಜರ್‌ನ 80ರಲ್ಲಿ ವಿಜ್ಞಾನಕ್ಕೆ 32, ಸಮಾಜದ ಕಡೆಗೆ 36, ಕ್ಷೇತ್ರ ಅಧ್ಯಯನದ ವಿಧಾನಕ್ಕೆ 12 ಇಟ್ಟಿದ್ದೆವು. ಪದವಿ ಪತ್ರದಲ್ಲಿ ಬಿ.ಎ. ಅಂತ ಬರುತ್ತದೋ ಬಿ.ಎಸ್ಸಿ. ಅಂತ ಬರುತ್ತದೋ ಎಂದು ಕೇಳಬೇಕು ಅನ್ನಿಸಿದ್ದು ಅಪ್ಪನಿಗೆ. ಬರೆದು ಕೇಳಿದೆವು. ಮೇಜರ್‌ನ ಅರ್ಧ ಕ್ರೆಡಿಟ್ ವಿಜ್ಞಾನದ್ದಾದರೆ ಬಿ.ಎಸ್ಸಿ. ಎಂದು ಉತ್ತರ ಬಂತು. ವಿಜ್ಞಾನವನ್ನು 40ಕ್ಕೆ ಏರಿಸಿ ಸಮಾಜದ್ದನ್ನು 28ಕ್ಕೆ ಇಳಿಸಿದೆವು. ಅಂತರ್ಜಲ, ಪರಿಸರ ವಿಜ್ಞಾನ, ಸಾರ್ವಜನಿಕ ಆರೋಗ್ಯ, ಸ್ಟ್ಯಾಟಿಸ್ಟಿಕ್ಸ್ ಆ ನಲವತ್ತರಲ್ಲಿ ಬಂದವು. ಕೆಮಿಸ್ಟ್ರಿಯನ್ನು ಮೇಜರ್‌ನೊಳಗೆ ಕರಗಿಸಲಿಲ್ಲ. ಬೇರೆಯಾಗಿ 32 ಕ್ರೆಡಿಟ್‌ನ ಮೈನರ್ ಮಾಡಿದೆವು. ಹಾಗೆ ಮಾಡಿದರೆ ಅಂಕಪಟ್ಟಿಯಲ್ಲಿ ‘ಕೆಮಿಸ್ಟ್ರಿ’ ಎಂಬ ಪದ ಕಣ್ಣಿಗೆ ಬೀಳುತ್ತದೆ. ಮುಂದೆ ಎಲ್ಲಿ ಅರ್ಜಿ ಹಾಕಿದರೂ ಆ ಒಂದು ಪದಕ್ಕೆ ಬೆಲೆ ಇರುತ್ತದೆ. ಇಡೀ ಯೋಜನೆಯಲ್ಲಿ ತುಂಬ ಉಪಯೋಗಕ್ಕೆ ಬರುವ ತೀರ್ಮಾನ ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮೇಜರ್ 60, ಮೈನರ್ 24, ಉಳಿದದ್ದು 36, ಒಟ್ಟು 120 ಆಗುವ ಹಾಗೆ ಜೋಡಿಸಿದೆವು. ಮನೆಯಲ್ಲಿ ಏನಾದರೂ ಆಗಿ ನಾಲ್ಕನೇ ವರ್ಷ ಓದಲು ಆಗದಿದ್ದರೆ ಮೂರು ವರ್ಷದ ಪದವಿ ಹಿಡಿದು ಹೊರಗೆ ಬರಬಹುದು.

ಅಪ್ಪನ ಪ್ರಶ್ನೆ

ಅವರ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲು ನನಗೆ ಮೂರು ವಾರ ಬೇಕಾಯಿತು. ಸುಳ್ಳು ಹೇಳಬಾರದು, ಹೆದರಿಸಲೂಬಾರದು. ಗಿರಣಿಯಲ್ಲಿ ಕೂತು ಹೇಳಿದೆ.

ಈ ಹೆಸರಿನ ಪದವಿ ಕೇಳುವ ಜಾಹೀರಾತು ನಿಮಗೆ ಪತ್ರಿಕೆಯಲ್ಲಿ ಕಾಣುವುದಿಲ್ಲ. ಹೈಸ್ಕೂಲ್ ಮೇಷ್ಟ್ರ ಕೆಲಸಕ್ಕೆ ಇಂಥಿಂಥ ವಿಷಯ ಓದಿರಬೇಕು ಅಂತ ನಿಯಮ ಇರುತ್ತದೆ, ಅಲ್ಲಿ ಇವಳಿಗೆ ಕಷ್ಟ ಆಗಬಹುದು. ಬರೀ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಅಂದರೆ 32 ಕ್ರೆಡಿಟ್ ಸಾಕಾ ಎಂದು ಒಂದೊಂದು ವಿಶ್ವವಿದ್ಯಾಲಯವನ್ನೂ ಮೊದಲೇ ಕೇಳಬೇಕು. ಐಎಎಸ್, ಕೆಎಎಸ್‌ಗೆ ಯಾವ ಪದವಿ ಆದರೂ ನಡೆಯುತ್ತದೆ. ಸಾರ್ವಜನಿಕ ಆರೋಗ್ಯ, ಪರಿಸರ, ಅಭಿವೃದ್ಧಿ, ವಿಜ್ಞಾನ ನೀತಿ, ಇವುಗಳಲ್ಲಿ ಎಂ.ಎ., ಎಂ.ಎಸ್ಸಿ. ಮಾಡಲು ದಾರಿ ಇದೆ. ನೀರಿನ ಕೆಲಸ ಮಾಡುವ ಸಂಸ್ಥೆಗಳಿಗೆ ಲ್ಯಾಬೂ ಗೊತ್ತಿರುವ, ಊರಲ್ಲಿ ಕೂತು ಮಾತಾಡಲೂ ಬರುವ ಮಕ್ಕಳು ಬೇಕು.

ಅವರು ಕೇಳಿಸಿಕೊಂಡರು. ಬೆಲ್ಟು ಹಾಕಿ ಮಷಿನ್ ಚಾಲೂ ಮಾಡಿ, ಒಂದು ಡಬ್ಬಿ ಜೋಳ ಬೀಸಿ ಮುಗಿಸಿದರು. ಆಮೇಲೆ ಹೇಳಿದರು: "ಮೂರು ವರ್ಸಕ್ಕ ಹೊರಗ ಬರಾಕ ಬರತೈತಿ ಅಂದ್ರಲ್ರಿ, ಅದನ್ನ ಬರದು ಕೊಡ್ರಿ." ಬರೆದು ಕೊಟ್ಟೆ. ಜುಲೈ ಎರಡನೇ ವಾರ ಫಾರ್ಮ್ ಸಲ್ಲಿಸಿದಳು. ಕೆಮಿಸ್ಟ್ರಿಯ ಒಬ್ಬರು, ಸಮಾಜಶಾಸ್ತ್ರದ ಒಬ್ಬರು ಸಹಿ ಹಾಕಿದರು.

ಗೇಟು ಹೋದ ವಾರ

ಕ್ಲಾಸು ಶುರುವಾದ ಹೊಸದರಲ್ಲೇ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಎಲ್ಲ ಕಡೆ ಒಂದೇ ಚಿಂತೆ. ತುಂಬಿದ ನೀರು ಹೊಳೆಗೆ ಹೋಗುತ್ತಿದೆ, ಬೆಳೆ ಏನಾಗಬೇಕು? ಒಂದು ವಾರದ ಹೊತ್ತಿಗೆ, ಹರಿಯುವ ನೀರಲ್ಲೇ ಉಕ್ಕಿನ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿ ನಿಲ್ಲಿಸಿದರು. ಹುಡುಗಿ ಫೋನ್ ಮಾಡಿದಳು. "ಸರ್, ನನ್ನ ವಿಷಯ ಬದಲಾಯಿಸ್ತೀನಿ. ಡ್ಯಾಮಿನ ಮೇಲೇ ಮಾಡ್ತೀನಿ."

ಬೇಡ ಅನ್ನಲಿಲ್ಲ. ಒಂದು ಕೆಲಸ ಹೇಳಿದೆ. ಪ್ರಶ್ನೆ ಬದಲಾದರೆ ಪಟ್ಟಿಯ ಯಾವ ಯಾವ ಕೋರ್ಸ್ ಬೀಳುತ್ತವೆ ನೋಡು ಅಂದೆ. ಎರಡು ದಿನ ಬಿಟ್ಟು ಹೇಳಿದಳು: ಮೇಜರ್‌ನ 20 ಕೋರ್ಸ್‌ನಲ್ಲಿ ನಾಲ್ಕು ಮಾತ್ರ. ನನಗೆ ಖುಷಿಯಾಯಿತು. ಹತ್ತೊಂಬತ್ತು ವರ್ಷದ ಮಗು ಬರೆದ ಪ್ರಶ್ನೆ ಮುಂದೆ ಬದಲಾಗಬಹುದು. ಪ್ರಶ್ನೆ ಬದಲಾದರೂ ಪಟ್ಟಿ ನಿಂತರೆ ಅದು ಒಳ್ಳೆಯ ಯೋಜನೆ. ಕೊನೆಗೆ ಅವಳು ಬದಲಾಯಿಸಲಿಲ್ಲ. ಅವ್ವನ ನೋಟ್‌ಬುಕ್ ಅಷ್ಟು ಹೊತ್ತಿಗೆ ಎರಡನೆಯದಕ್ಕೆ ಬಂದಿತ್ತು.

ಈಗ

ಎಲ್ಲ ಅಂದುಕೊಂಡ ಹಾಗೇ ಆಗಲಿಲ್ಲ. ಅಂತರ್ಜಲದ ಕೋರ್ಸ್ ನಾಲ್ಕನೇ ಸೆಮಿಸ್ಟರ್‌ನಲ್ಲಿ ನಡೆಯಲಿಲ್ಲ. ಪಾಠ ಮಾಡುವವರು ರಜೆಯಲ್ಲಿದ್ದರು. ಅದನ್ನು ಆರಕ್ಕೆ ತಳ್ಳಿ, ಅಲ್ಲಿದ್ದ ಕಾನೂನಿನ ಕೋರ್ಸನ್ನು ನಾಲ್ಕಕ್ಕೆ ತಂದುಕೊಂಡಳು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮೊದಲ ಸಲ ಕಡಿಮೆ ಅಂಕ ಬಂತು. ಸಂಶೋಧನೆ ಸಹಿತ ಆನರ್ಸ್ ಬೇಕಾದರೆ ಮೊದಲ ಆರು ಸೆಮಿಸ್ಟರ್‌ನಲ್ಲಿ 75 ಶೇಕಡ ಇರಬೇಕು. ಅದರ ಮೇಲೆ ಒಂದು ಕಣ್ಣಿಟ್ಟೇ ಓದುತ್ತಿದ್ದಾಳೆ. ಉಪಕರಣಗಳ ಲ್ಯಾಬ್ ಐದರಲ್ಲೇ ಮುಗಿಯಿತು.

ಈ ಸಂಕ್ರಾಂತಿಗೆ ಊರಿಗೆ ಬಂದಾಗ, ಜನರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಕನ್ನಡ ಕರಡು ತಂದಿದ್ದಳು. ತಾಯಿ ಓದಿದರು. "ಸಂಗ್ರಹಿಸಿದ ಮಾಹಿತಿಯನ್ನು ಶೈಕ್ಷಣಿಕ ಉದ್ದೇಶಕ್ಕೆ ಬಳಸಲಾಗುವುದು" ಎಂಬ ಸಾಲಿನ ಹತ್ತಿರ ನಿಂತರು. ಮಗಳ ಕೈಯಿಂದ ಪೆನ್ನು ತಗೊಂಡು, ಆ ಸಾಲಿನ ಮೇಲ್ಗಡೆ ಬರೆದರು: "ನಿಮ್ಮ ನೀರಿನ ಲೆಕ್ಕವನ್ನು ಮೊದಲು ನಿಮಗೇ ಹೇಳುತ್ತೇವೆ." ತಿದ್ದಿದ ಪತ್ರವನ್ನು ಹುಡುಗಿ ಅದೇ ವಾರ ಕಮಿಟಿಗೆ ಕಳಿಸಿದಳು. ಮೇ ತಿಂಗಳಿಗೆ ಬೇಕಾದ ನಲವತ್ತು ಪ್ಲಾಸ್ಟಿಕ್ ಬಾಟಲಿ ಗಿರಣಿಯ ಅಟ್ಟದ ಮೇಲೆ ಇವೆ. ಫ್ಲೋರೈಡ್‌ಗೆ ಗಾಜಿನದು ಆಗುವುದಿಲ್ಲ ಅಂತ ಈಗ ಗಿರಣಿಗೆ ಬಂದವರಿಗೆಲ್ಲ ಅಪ್ಪನೇ ಹೇಳುತ್ತಿದ್ದಾರೆ.